ಯಾರೂ ತುಳಿಯದ ಗಾಲೀಚೆ

ಗೋಕಾಕ

ಇರಾಣಕ್ಕೆ ಹೋಗಿ ಬಂದೆ ಎಂದರೆ ನಮ್ಮ ಓಣಿಯ ಹೆಂಗಸರು ಮೊದಲು ಕೇಳುವುದು ಅಲ್ಲಿ ರೊಟ್ಟಿ ಸಿಗುತ್ತದೆಯೇ ಎಂದು. ಗಂಡಸರು ಕೇಳುವುದು ಹಡಗಿನಲ್ಲಿ ವಾಂತಿಯಾಯಿತೇ ಎಂದು. ಎರಡಕ್ಕೂ ಹೌದು. ಉಳಿದದ್ದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಬರೆಯಲು ಕುಳಿತಿದ್ದೇನೆ.

ನಮ್ಮವರು ತಾರು ಇಲಾಖೆಯಲ್ಲಿ ಗುಮಾಸ್ತರು. ಶಿರಾಜ್ ಎಂಬ ಊರಿನ ತಾರು ಕಚೇರಿಯಲ್ಲಿ ಒಬ್ಬರು ಕಾಯಿಲೆ ಬಿದ್ದರೆಂದು, ಅವರ ಜಾಗಕ್ಕೆ ಕೆಲವು ತಿಂಗಳ ಮಟ್ಟಿಗೆ ಇವರನ್ನು ಕಳಿಸುವ ಹುಕುಂ ಬಂತು. ನಾನೂ ಹೊರಟೆ ಎಂದೆ. ಮನೆಯಲ್ಲಿ ಗದ್ದಲವೆದ್ದಿತು. ಸಮುದ್ರ ದಾಟುವುದು ಗಂಡಸರ ಕೆಲಸವೆಂದು ಹುಕ್ಕೇರಿಯಿಂದ ನಾದಿನಿ ಹೇಳಿ ಕಳಿಸಿದಳು. ಮಸಗುಪ್ಪಿಯಿಂದ ನನ್ನ ತವರಿನವರೂ ಅದನ್ನೇ ಹೇಳಿದರು. ಅತ್ತೆಯವರು ಮಾತ್ರ ಏನೂ ಹೇಳದೆ ಶೇಂಗಾ ಸುಲಿಯುತ್ತ ಕುಳಿತಿದ್ದರು. ಅವರು ಸುಮ್ಮನಿದ್ದರೆಂದರೆ ನನಗೆ ಹೆಚ್ಚು ಭಯ.

ಆಗ ನಮ್ಮ ಹೊಸ ಮನೆಯ ಗೋಡೆಗಳು ಎದ್ದಿದ್ದವು. ನಾವು ತಿರುಗಿ ಬರುವ ಹೊತ್ತಿಗೆ ಮಾಳಿಗೆ ಮುಗಿಸಿ, ಮಠದ ಸ್ವಾಮಿಗಳಾದ ಅಜ್ಜಾರನ್ನು ಕರೆಸಿ, ಪಾದಪೂಜೆ ಮಾಡಿ ಮನೆ ಹೊಗುವುದೆಂದು ಗೊತ್ತಾಗಿತ್ತು. ಇಂಥ ದಿನ ಅಜ್ಜಾರು ಕೂರುವುದು ಕಂಬಳಿಯ ಗದ್ದುಗೆಯ ಮೇಲೆ. ಅದಕ್ಕೆಂದು ಅತ್ತೆಯವರು ಒಂದು ಕರೀ ಕಂಬಳಿಯನ್ನು ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದರು. ಹುಣಸೆ ಬೀಜದ ಗಂಜಿ ಕುಡಿದು ಹಲಗೆಯಂತೆ ಬಿರುಸಾಗಿದ್ದ ಕಂಬಳಿ. ಅದನ್ನು ಯಾರೂ ಹೊದ್ದಿರಲಿಲ್ಲ, ಯಾರ ಕಾಲೂ ಅದಕ್ಕೆ ತಾಗಿರಲಿಲ್ಲ.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅತ್ತೀ, ಕರೀ ಕಂಬಳಿ ಯಾಕರಿ? ಇರಾಣದಾಗ ಉಣ್ಣೀ ಗಾಲೀಚಾ ಮಾಡತಾರಂತ. ಅಜ್ಜಾರ ಗದ್ದಿಗಿಗೆ ನಾ ಅಲ್ಲಿಂದ ತರತೇನಿ. ಊರ ಮಂದಿ ನೋಡಾಕ ಬರಬೇಕು, ಅಂಥಾದ್ದ ತರತೇನಿ" ಎಂದುಬಿಟ್ಟೆ.

ಅತ್ತೆಯವರು ಶೇಂಗಾ ಬಿಟ್ಟು ತಲೆ ಎತ್ತಿದರು.

"ತಾರ ನೀಲವ್ವಾ. ಹೋಗು, ನೋಡು, ತಗೊಂಡ ಬಾ. ಆದರ ಯಾರೂ ತುಳಿದಿರಬಾರದು, ಯಾರೂ ಕುಂತಿರಬಾರದು. ಅಂಥಾದ್ದ ಇದ್ದರ ಅಜ್ಜಾರಿಗೆ ಅದನ್ನ ಹಾಸತೇನಿ. ಇಲ್ಲಂದ್ರ ನನ್ನ ಕಂಬಳೀನ."

"ಆತ್ರಿ" ಎಂದೆ. ಇಷ್ಟು ಸುಲಭದ ಮಾತಿಗೆ ಸಮುದ್ರ ದಾಟಲು ಒಪ್ಪಿಗೆ ಸಿಕ್ಕಿತಲ್ಲ ಎಂದು ಆ ದಿನವಿಡೀ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಬುಶಹರ್

ಹಡಗಿನ ವಿಷಯ ಬಿಡುತ್ತೇನೆ. ಮುಂಬೈ ಬಿಟ್ಟ ಮೇಲೆ ಕರಾಚಿಯವರೆಗೆ ನಾನು ಮಲಗಿಯೇ ಇದ್ದೆ. ನಮ್ಮವರು ಪಾಪ, ಲಿಂಬೆಹಣ್ಣು ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದರು. ಆಮೇಲೆ ಅವರು ಮಲಗಿದರು, ನಾನು ಹಣ್ಣು ಹಿಡಿದು ನಿಂತೆ.

ಬುಶಹರ್ ಬಂತೆಂದಾಗ ಎದ್ದು ನೋಡಿದರೆ ಊರು ಎಲ್ಲೋ ದೂರದಲ್ಲಿ ಬೆಳ್ಳಗೆ ಕಾಣುತ್ತಿತ್ತು. ಅಲ್ಲಿ ನೀರು ಆಳವಿಲ್ಲದ್ದರಿಂದ ಹಡಗು ನಡುನೀರಿನಲ್ಲೇ ನಿಲ್ಲುತ್ತದೆ. ದೋಣಿಯವರು ಬಂದು ಜನರನ್ನೂ ಸಾಮಾನನ್ನೂ ಇಳಿಸಿಕೊಂಡು ಹೋಗುತ್ತಾರೆ. ಏಣಿಯ ಕೆಳಗೆ ದೋಣಿ ಒಮ್ಮೆ ಮೇಲೆ ಬರುತ್ತಿತ್ತು, ಒಮ್ಮೆ ಕೆಳಗೆ ಹೋಗುತ್ತಿತ್ತು. ಮೇಲೆ ಬಂದಾಗ ಕಾಲಿಡಬೇಕೆಂದು ಹೇಳಿದ್ದರು. ನಾನು ಕೆಳಗೆ ಹೋದಾಗ ಇಟ್ಟೆ. ಒಬ್ಬ ಮುದುಕ ಅಂಬಿಗನ ತೊಡೆಯ ಮೇಲೆ ದೊಪ್ಪೆಂದು ಬಿದ್ದೆ. ಅವನು ಎದೆಗೆ ಕೈಯಿಟ್ಟು ತಲೆ ಬಾಗಿಸಿ ಏನೋ ಹೇಳಿದ. "ನಿಮ್ಮ ಪಾದ ನನ್ನ ಕಣ್ಣ ಮೇಲಿರಲಿ ಅಂತಾನ" ಎಂದು ಇವರು ಅರ್ಥ ಹೇಳಿದರು. ಬಿದ್ದದ್ದು ಪಾದವಾಗಿರಲಿಲ್ಲ, ಆದರೂ ಎಂಥ ಮರ್ಯಾದೆಯ ದೇಶವಪ್ಪಾ ಎಂದುಕೊಂಡೆ.

ಸುಂಕದ ಕಟ್ಟೆಯಲ್ಲಿ ಒಬ್ಬ ಮೀಸೆಯ ಅಧಿಕಾರಿ ನಮ್ಮ ಪೆಟ್ಟಿಗೆಗಳನ್ನು ಬಿಚ್ಚಿಸಿದ. ಕರದಂಟಿನ ಡಬ್ಬಿ ಸಿಕ್ಕಿತು. ಇದೇನು ಔಷಧವೋ ಎಂದು ಕೇಳಿದ. ತಿಂದು ನೋಡಿ ಎಂದು ಕೈಸನ್ನೆ ಮಾಡಿದೆ. ತಿಂದ. ಬಾಯೊಳಗೆ ಅಂಟು, ಬೆಲ್ಲ, ಒಣಕೊಬ್ಬರಿ ಎಲ್ಲ ಸೇರಿ ಹಿಡಿದುಕೊಂಡವು. ಮುಂದೆ ಬಹಳ ಹೊತ್ತು ಅವನಿಗೆ ಮಾತಾಡಲಾಗಲಿಲ್ಲ. ಉಳಿದ ಪೆಟ್ಟಿಗೆಗಳನ್ನು ಬಿಚ್ಚಿಸದೆ, ಕೈಸನ್ನೆಯಲ್ಲೇ ಹೋಗಿ ಹೋಗಿ ಎಂದುಬಿಟ್ಟ. ಕೊನೆಗೆ ನನ್ನ ಕೊರಳಿನ ಬೆಳ್ಳಿ ಕರಡಿಗೆಯತ್ತ ಬೆರಳು ತೋರಿಸಿದ. ನಾನು ಅದರ ಮೇಲೆ ಕೈ ಮುಚ್ಚಿ, "ಇದರಾಗ ನನ್ನ ದೇವರ ಅದಾನ" ಎಂದೆ. ಕನ್ನಡ ಅವನಿಗೆ ಹೇಗೆ ತಿಳಿಯಬೇಕು? ಆದರೂ ಹಿಂದಕ್ಕೆ ಸರಿದು, ತಾನೂ ಎದೆಗೆ ಕೈಯಿಟ್ಟುಕೊಂಡ. ಅಲ್ಲಿಂದ ಮುಂದೆ ಆ ದೇಶದ ಬಗ್ಗೆ ನನಗೆ ಹೆದರಿಕೆಯೇ ಉಳಿಯಲಿಲ್ಲ.

ಘಾಟಿನ ದಾರಿ

ಬುಶಹರಿನಿಂದ ಶಿರಾಜಿಗೆ ಮೋಟಾರಿನಲ್ಲಿ ಹೋಗಬೇಕು. ದಾರಿಯಲ್ಲಿ ಘಾಟುಗಳು ಒಂದರ ಮೇಲೊಂದು. ನಮ್ಮ ಗೋಕಾಕದ ಗುಡ್ಡಗಳನ್ನು ಎತ್ತಿ ಒಂದರ ತಲೆಯ ಮೇಲೊಂದನ್ನು ಇಟ್ಟು, ಗಿಡಗಂಟಿ ಎಲ್ಲ ಕಿತ್ತು ಹಾಕಿದರೆ ಹೇಗೋ ಹಾಗೆ. ಮೋಟಾರು ಪ್ರತಿ ತಿರುವಿನಲ್ಲೂ ನಿಂತು ದಮ್ಮು ಹತ್ತಿದವರಂತೆ ಉಸಿರುಬಿಡುತ್ತಿತ್ತು. ನಾವೆಲ್ಲ ಇಳಿದು ತಳ್ಳುವುದು. ಹತ್ತಿ ಕೂರುವುದು. ಮತ್ತೆ ಇಳಿಯುವುದು.

ಆದರೆ ಒಂದು ಮಾತು ಹೇಳುತ್ತೇನೆ. ಮೋಟಾರು ನಿಂತಾಗಲೆಲ್ಲ ಚಾಲಕ ಮಾಡುತ್ತಿದ್ದ ಮೊದಲ ಕೆಲಸ ಯಂತ್ರ ನೋಡುವುದಲ್ಲ. ತನ್ನ ಆಸನದ ಹಿಂದಿನಿಂದ ಒಂದು ಸಣ್ಣ ಗಾಲೀಚೆ ತೆಗೆದು ಕಲ್ಲುಗಳ ಮೇಲೆ ಹಾಸುತ್ತಿದ್ದ. ಜೋಡು ಕಳಚಿಟ್ಟು, ಅದರ ಮೇಲೆ ಕುಳಿತು, ಚಹಾಕ್ಕೆ ನೀರಿಡುತ್ತಿದ್ದ. ಸುತ್ತ ಬರೀ ಬೂದಿ ಬಣ್ಣದ ಬಂಡೆ. ನಡುವೆ ಆ ಕೆಂಪು, ಆ ನೀಲಿ! ನಾನು ಹುಟ್ಟಿ ಬೆಳೆದದ್ದು ಕುರಿ ಹಿಂಡುಗಳ ನಡುವೆ. ಆದರೆ ನಮ್ಮ ಕಂಬಳಿಗೆ ಕುರಿ ಕೊಟ್ಟ ಬಣ್ಣವೇ ಬಣ್ಣ. ಕರಿಯದು, ಇಲ್ಲವೇ ಬಿಳಿಯದು. ಅದೇ ಉಣ್ಣೆಯನ್ನು ಹೀಗೂ ಮಾಡಬಹುದೇ ಎಂದು ಖುಷಿಯೋ ಖುಷಿ. ನಾನು ಮುಟ್ಟಿ ನೋಡುತ್ತಲೇ ಇದ್ದೆ. ಮೋಟಾರು ಮತ್ತೊಮ್ಮೆ ಕೆಡಲಿ ಎಂದು ದೇವರನ್ನು ಬೇಡಿದೆ. ಅವನು ಧಾರಾಳವಾಗಿ ನಡೆಸಿಕೊಟ್ಟ.

ಶಿರಾಜ್

ಶಿರಾಜಿನಲ್ಲಿ ಇಳಿದ ದಿನದಿಂದಲೇ ನನಗೆ ಅರ್ಧ ಭಾಷೆ ಬರುತ್ತಿತ್ತೆಂದರೆ ನಂಬುವಿರಾ? ಬಾಗಿಲಿಗೆ ದರ್, ಅಂಗಡಿಗೆ ದುಕಾನ್, ಬಾಜಾರಕ್ಕೆ ಬಾಜಾರ್, ಹೊಲಕ್ಕೆ ಜಮೀನ್, ಖುಷಿಗೆ ಖುಷಿ! ನಮ್ಮ ಬೆಳಗಾವಿ ಸೀಮೆಯವರು ಇಷ್ಟು ದಿನ ಫಾರಸಿ ಮಾತಾಡಿಕೊಂಡು ಸುಮ್ಮನೆ ಮನೆಯಲ್ಲೇ ಕುಳಿತಿದ್ದೇವಲ್ಲ ಎನಿಸಿತು.

ರೊಟ್ಟಿಯ ಮಾತು. ಅಲ್ಲಿ ರೊಟ್ಟಿಯನ್ನು ಕಾದ ಹರಳುಗಳ ಮೇಲೆ ಸುಡುತ್ತಾರೆ. ಒಂದೊಂದು ಗಂಡಾಳಿನ ತೋಳಿಗಿಂತ ಉದ್ದ. ಗಂಡಸರು ಅದನ್ನು ಟವೆಲ್ಲಿನಂತೆ ತೋಳಿನ ಮೇಲೆ ಹಾಕಿಕೊಂಡು ರಸ್ತೆಯಲ್ಲಿ ನಡೆಯುತ್ತಾರೆ. ಮೊದಲ ದಿನವೇ ನಾನು ಅದಕ್ಕಂಟಿದ ಹರಳನ್ನು ಕಡಿದು ಹಲ್ಲು ನೋಯಿಸಿಕೊಂಡೆ. ತಿನ್ನುವ ಮೊದಲು ರೊಟ್ಟಿಯನ್ನು ಝಾಡಿಸಬೇಕಂತೆ. ಆಮೇಲೆ ಅದೇ ರೊಟ್ಟಿ, ಗಟ್ಟಿ ಮೊಸರು, ದಾಳಿಂಬೆ ಕಾಳು ಎಂದರೆ ನಾನು ನಮ್ಮ ಕಟಕ ರೊಟ್ಟಿಯನ್ನೂ ಮರೆತೆ.

ಇನ್ನೊಂದು ಫಜೀತಿ. ತಾಮ್ರದ ಅಂಗಡಿಯಲ್ಲಿ ಒಂದು ಸೌಟನ್ನು ಚೆನ್ನಾಗಿದೆ ಎಂದೆ. ಅಂಗಡಿಯವನು, ತೆಗೆದುಕೊಳ್ಳಿ, ನಿಮ್ಮದೇ, ಹಣದ ಮಾತೇ ಬೇಡ ಎಂದ. ಎಷ್ಟು ಒಳ್ಳೆಯವನು ಎಂದು ತೆಗೆದುಕೊಂಡು ಹೊರಟೆ. ಅವನು ಎರಡು ಓಣಿ ನನ್ನ ಹಿಂದೆಯೇ ಬಂದ. ದಾರಿಯುದ್ದಕ್ಕೂ ನಿಮ್ಮದೇ, ನಿಮ್ಮದೇ ಎನ್ನುತ್ತಿದ್ದ. ಮುಖ ಮಾತ್ರ ಅಳುವಂತಿತ್ತು. ಅದು ಅಲ್ಲಿಯ ಬಾಯುಪಚಾರ. ನಮ್ಮಲ್ಲಿ ಊಟದ ಹೊತ್ತಿಗೆ ಕಟ್ಟೆಯ ಮುಂದೆ ಹಾಯ್ದವರಿಗೆಲ್ಲ "ಬರ್ರಿ, ಊಟಾ ಮಾಡೂಣು" ಎನ್ನುವುದಿಲ್ಲವೇ? ಯಾರಾದರೂ ನಿಜವಾಗಿ ಬಂದು ಕುಳಿತರೆ ನಮ್ಮ ಮುಖವೂ ಹಾಗೇ ಆದೀತು.

ನಮ್ಮ ಬಿಡಾರದ ಪಕ್ಕದ ಮನೆಯಲ್ಲಿ ಗಾಲೀಚೆ ನೇಯುವ ಜೊಹ್ರಾ ಖಾನುಮ್, ಅಂದರೆ ನಮ್ಮ ಮಾತಿನಲ್ಲಿ ಜೊಹ್ರಾಬಾಯಿ, ಇದ್ದಳು. ಅವಳ ಗಂಡ ಬಹಳ ವರ್ಷ ಬುಶಹರಿನ ಬಂದರಿನಲ್ಲಿ ನಮ್ಮ ದೇಶದ ವ್ಯಾಪಾರಿಗಳ ಬಳಿ ದುಡಿದಿದ್ದರಿಂದ ಅವಳಿಗೆ ಹಿಂದುಸ್ತಾನಿ ಬರುತ್ತಿತ್ತು. ನನಗೂ ಒಂದಿಷ್ಟು ಬರುತ್ತಿತ್ತು. ಅವಳ ಮಾತನ್ನು ಇಲ್ಲಿ ನಮ್ಮ ಗೋಕಾಕದ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೇ ಕೇಳಿಸುತ್ತಿತ್ತು.

ಮೊದಲ ದಿನ ಅವಳ ಮನೆಯೊಳಗೆ ಕಾಲಿಟ್ಟ ಕೂಡಲೇ ಬೈಸಿಕೊಂಡೆ. "ಅಯ್ಯ ಅಯ್ಯ, ಚಪ್ಪಲಿ ಬಿಡ ಬೇ! ಗಾಲೀಚಾದ ಮ್ಯಾಲ ಚಪ್ಪಲಿ ಹಾಕ್ಕೊಂಡ ಬರತಾರೇನ?" ಬೈದದ್ದಕ್ಕೆ ನನಗೆ ಸಂತೋಷವೇ ಆಯಿತು. ಇವರೂ ಗದ್ದುಗೆಯ ಮರ್ಯಾದೆ ಬಲ್ಲವರು ಎಂದು ತಿಳಿದೆ. ಅಂದೇ ಅವಳಿಗೆ ಗಾಲೀಚೆ ನೇಯಲು ಹೇಳಿದೆ. ಒಬ್ಬ ದೊಡ್ಡ ಗುರುಗಳು ಕೂರುವಷ್ಟು ಅಗಲ, ಮುಂದೆ ಪೂಜೆಯ ತಟ್ಟೆ ಇಡುವಷ್ಟು ಉದ್ದ. ಯಾರೂ ತುಳಿದಿರಬಾರದು ಎಂಬುದನ್ನು ಮಾತ್ರ ಹೇಳಲಿಲ್ಲ. ಕಣ್ಣೆದುರು ನೇಯುವ ಹೊಸ ಗಾಲೀಚೆಯನ್ನು ಯಾರು ಬಂದು ತುಳಿಯುತ್ತಾರೆ?

ನೇಯುವುದನ್ನು ನೋಡಲು ದಿನವೂ ಹೋಗುತ್ತಿದ್ದೆ. ಎದುರಿಗೆ ನಿಲ್ಲಿಸಿದ ಮಗ್ಗ. ಜೋಡಿ ಎಳೆಗೆ ಬಣ್ಣದ ಉಣ್ಣೆ ಸುತ್ತಿ, ಗಂಟು ಹಾಕಿ, ಚಾಕುವಿನಿಂದ ಚಕ್ಕನೆ ಕತ್ತರಿಸುವುದು. ಮತ್ತೊಂದು ಗಂಟು, ಮತ್ತೊಂದು. ಒಂದು ಸಾಲು ಮುಗಿದರೆ ಕಬ್ಬಿಣದ ಬಾಚಣಿಗೆಯಿಂದ ಧಡಧಡ ಬಡಿಯುವುದು. ಕೆಂಪಿಗೆ ಯಾವುದೋ ಬೇರು, ಹಳದಿಗೆ ದಾಳಿಂಬೆಯ ಸಿಪ್ಪೆ, ಕಂದು ಬಣ್ಣಕ್ಕೆ ಅಕ್ರೋಟಿನ ಸಿಪ್ಪೆ. ಜೊಹ್ರಾಳ ಬೆರಳುಗಳು ಮಾತಾಡುತ್ತಲೇ ಓಡುತ್ತಿದ್ದವು. ನನಗೂ ಕೈ ತುರಿಸತೊಡಗಿತು. ಒಂದು ಮೂಲೆಯಲ್ಲಿ ಕುರಿ ಬಿಡಿಸುತ್ತೇನೆಂದು ಕುಳಿತೆ. ನಾಲ್ಕು ದಿನ ಬೆರಳು ಕುಯ್ದುಕೊಂಡು ಮುಗಿಸಿದೆ. ಜೊಹ್ರಾ ತಲೆ ಓರೆ ಮಾಡಿ ನೋಡಿದಳು.

"ನಾಯಿ ಛಲೋ ಬಂದೈತಿ."

"ಅದು ಕುರಿ, ಖಾನುಮ್."

"ಹಂಗಾದ್ರ ಬಿಚ್ಚತೇನಿ."

ಬಿಚ್ಚಗೊಡಲಿಲ್ಲ. ನನ್ನ ನಾಯಿಯಂಥ ಕುರಿ ಅಲ್ಲೇ ಉಳಿಯಿತು.

ಮಗ್ಗದಿಂದ ಕತ್ತರಿಸಿ ಇಳಿಸಿದ ದಿನ ಜೊಹ್ರಾ ಸಕ್ಕರೆ ಹಂಚಿದಳು. ಕೆಂಪು ಹೊಲ, ನೀಲಿ ಅಂಚು, ನಡುವೆ ಹೂವಿನ ಗಿಡ. ನನಗೆ ಕಣ್ಣಲ್ಲಿ ನೀರೇ ಬಂತು. ಆದರೆ ಕೊಡಲಿಲ್ಲ. "ಇನ್ನೊಂದೀಟ ಕೆಲಸ ಐತಿ, ವಾರ ಬಿಟ್ಟ ಬಾ" ಎಂದಳು. ಅಂಚಿನ ಗೊಂಡೆ ಕಟ್ಟುತ್ತಾಳೆ ಎಂದುಕೊಂಡು ಮನೆಗೆ ಬಂದೆ.

ಬಾಜಾರು

ಎರಡು ದಿನದ ಮೇಲೆ ಪನ್ನೀರು ಕೊಳ್ಳಲೆಂದು ಇವರೊಡನೆ ಬಾಜಾರಕ್ಕೆ ಹೋದೆ. ಶಿರಾಜಿನ ಬಾಜಾರಕ್ಕೆ ಇಟ್ಟಿಗೆಯ ಕಮಾನು ಮಾಳಿಗೆ ಇದೆ. ಮಾಳಿಗೆಯ ಬೆಳಕಿಂಡಿಗಳಿಂದ ಬಿಸಿಲು ಕೋಲುಕೋಲಾಗಿ ಕೆಳಗೆ ಬೀಳುತ್ತದೆ. ಗಲಾಟೆಯೋ, ನಮ್ಮ ಗುರುವಾರದ ಸಂತೆಯನ್ನು ಒಂದು ಕೊಳವೆಯೊಳಗೆ ತುಂಬಿದಂತೆ. ಒಂದು ಕತ್ತೆ ಇಟ್ಟಿಗೆ ಹೊತ್ತು ನನ್ನ ಮುಂದೆ ಹೋಗುತ್ತಿತ್ತು. ಅದರ ಕಾಲ ಕೆಳಗೆ ಏನೋ ಕೆಂಪು ಕಂಡಿತು. ಬಗ್ಗಿ ನೋಡಿದೆ. ಹಿಂದಿನ ಬಲಗಾಲು ನನ್ನ ಕುರಿಯ ಮೇಲಿತ್ತು.

ಎಲ್ಲಿದ್ದೇನೆ, ಯಾವ ದೇಶ, ಒಂದೂ ನೆನಪಿಗೆ ಬರಲಿಲ್ಲ. "ಏಯ್! ಕತ್ತಿ ಹಿಡಿಯೋ! ಕಣ್ಣ ಕಾಣಸೂದಿಲ್ಲೇನ ನಿನಗ?" ಎಂದು ಅಚ್ಚ ಗೋಕಾಕದ ದನಿಯಲ್ಲಿ ಕೂಗಿದೆ. ಕತ್ತೆಯನ್ನು ದೂಡಿದೆ. ಅದು ಹೋಗುವಷ್ಟರಲ್ಲಿ ಮತ್ತೊಂದು ಬಂತು. ಅದರ ಹಿಂದೆ ಹಮಾಲರು, ಬುರುಖಾದ ಹೆಂಗಸರು. ಎಲ್ಲರೂ ರಸ್ತೆಯ ನಡುವೆ ಹಾಸಿದ ನನ್ನ ಗಾಲೀಚೆಯ ಮೇಲೆಯೇ! ನೆಲಕ್ಕೆ ಹಾಸಿದ್ದು ಗಾಲೀಚೆಯಲ್ಲ, ಮಣ್ಣಿನ ದಾರಿ ಎಂಬಂತೆ ಅವರ ನಡಿಗೆ. ಸುತ್ತಿ ಎತ್ತಲು ನೋಡಿದೆ, ಅಷ್ಟು ಕಾಲುಗಳ ನಡುವೆ ಒಬ್ಬಳಿಂದ ಆಗಲಿಲ್ಲ. ಇನ್ನೊಂದು ಕತ್ತೆ ಬರುವುದು ಕಂಡಿತು. ಬೇರೆ ದಾರಿ ತೋಚಲಿಲ್ಲ. ಗಾಲೀಚೆಯ ನಟ್ಟನಡುವೆ ಕಾಲು ಮಡಚಿ ಕುಳಿತುಬಿಟ್ಟೆ.

ಬಾಜಾರು ನಿಂತಿತು. ಆ ಕಡೆ ಕತ್ತೆಗಳ ಸಾಲು, ಈ ಕಡೆ ಕತ್ತೆಗಳ ಸಾಲು. ನಮ್ಮವರು ಪಕ್ಕದ ಅಂಗಡಿಯ ಹಿತ್ತಾಳೆ ತಂಬಿಗೆಗಳನ್ನು ಬಹಳ ಆಸ್ಥೆಯಿಂದ ನೋಡತೊಡಗಿದರು. ಈ ಹೆಂಗಸು ತಮಗೆ ಪರಿಚಯದವಳಲ್ಲ ಎಂಬಂತಿತ್ತು ಅವರ ಬೆನ್ನು. ಜನ ಬೈಯುತ್ತಾರೆಂದು ನಾನು ತಯಾರಾಗಿ ಕುಳಿತೆ. ಯಾರೂ ಬೈಯಲಿಲ್ಲ. ಎದುರಿನ ಗಾಲೀಚೆ ಅಂಗಡಿಯ ಮುದುಕ ಹಾಜಿ ಒಂದು ತಟ್ಟೆಯಲ್ಲಿ ಚಹಾ ತಂದು ನನ್ನ ಮುಂದಿಟ್ಟ. ಪಕ್ಕದಲ್ಲಿ ಸಕ್ಕರೆಯ ತುಂಡು ಬೇರೆ. ಕುಳಿತಿದ್ದಾಳೆಂದ ಮೇಲೆ ಅತಿಥಿಯೇ ಸರಿ ಎಂದು ಅವನ ಲೆಕ್ಕ. ಕೋಪದಲ್ಲೇ ಕುಡಿದೆ. ಚೆನ್ನಾಗಿತ್ತು.

ಅಷ್ಟರಲ್ಲಿ ಸುದ್ದಿ ಕೇಳಿ ಜೊಹ್ರಾ ಓಡಿ ಬಂದಳು. ಬಂದವಳೇ ನನ್ನ ಪಕ್ಕದಲ್ಲಿ ಕುಳಿತಳು.

"ಏನ ಮಾಡಾಕತ್ತಿ, ಹುಚ್ಚಿ?"

"ನೀ ಏನ ಮಾಡೀದಿ? ಮನ್ಯಾಗ ಚಪ್ಪಲಿ ಬಿಡ ಅಂದಾಕಿ ಇಲ್ಲಿ ಕತ್ತಿ ಕಾಲಾಗ ಹಾಕೀದಿಯಲ್ಲ!"

"ಮನ್ಯಾಗಿಂದು ತುಳಿದ ಮುಗದೈತಿ. ಇದು ಹೊಸಾದು, ಇನ್ನೂ ತುಳೀಬೇಕು" ಎಂದಳು. ನೀರು ಒದ್ದೆ ಇರುತ್ತದೆ ಎಂದು ಹೇಳುವ ಹಾಗೆ ಹೇಳಿದಳು. "ನೋಡ, ಎಳಿ ಎಲ್ಲಾ ನೆಟ್ಟಗ ನಿಂತಾವ. ಮಂದಿ ಹಾಯಬೇಕು, ದನಾ ಹಾಯಬೇಕು. ತುಳಿದಷ್ಟ ಎಳಿ ಕುಂದ್ರತಾವ, ಬಣ್ಣ ಏಳತಾವ. ಆಮ್ಯಾಲ ಹಳ್ಳದಾಗ ತೊಳದ್ರ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗೂದಿಲ್ಲ. ಈ ಜಾಗಾ ಸಿಗಲಿ ಅಂತ ಹಾಜಿ ಮುಂದ ಎಷ್ಟ ಗೋಗರದೇನಿ ಗೊತ್ತೇನ? ಇಡೀ ಬಾಜಾರದಾಗ ಇಷ್ಟ ಕಾಲ ಮತ್ತೆಲ್ಲೂ ಬೀಳೂದಿಲ್ಲ."

ಅವಳ ದನಿಯಲ್ಲಿ ನೋವಿತ್ತು. ನನಗೋ ಅಳು ಬಂತು. ಅತ್ತೆಯವರು ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ಯಾರೂ ತುಳಿದಿರಬಾರದು, ಯಾರೂ ಕುಂತಿರಬಾರದು. ಹೇಳುತ್ತಿರುವಾಗಲೇ ನಾನು ಎಲ್ಲಿ ಕುಳಿತಿದ್ದೇನೆಂದು ಹೊಳೆಯಿತು. ತುಳಿದವರು ಊರವರು. ಕುಳಿತವಳು ನಾನೇ, ಅದೂ ಚಹಾ ಕುಡಿಯುತ್ತ. ಜೊಹ್ರಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ನಗು ಉಕ್ಕಿ ಬಂತು. ಕತ್ತೆಯವರೂ ನಕ್ಕರು. ಕಡೆಗೆ ಹಿತ್ತಾಳೆ ತಂಬಿಗೆಗಳ ಕಡೆಯಿಂದಲೂ ನಗು ಕೇಳಿಸಿತು.

"ಇನ್ನೊಂದ ನೇದ ಕೊಡ್ಲೇನ?" ಎಂದಳು ಜೊಹ್ರಾ. ಅಷ್ಟು ದಿನ ನಾವು ಅಲ್ಲಿರುವಂತಿರಲಿಲ್ಲ. ನಾನು ಎದ್ದೆ. ಪಕ್ಕಕ್ಕೆ ಸರಿದು, ಕತ್ತೆಯವನಿಗೆ ಕೈ ಮಾಡಿ, "ಹಾಯಸಪ್ಪಾ" ಎಂದೆ.

ಹಳ್ಳದ ದಂಡೆ

ಹೊರಡುವ ಮುಂಚೆ ಗಾಲೀಚೆಯನ್ನು ಊರ ಹೊರಗಿನ ಹಳ್ಳದಲ್ಲಿ ತೊಳೆದರು. ನಾನೂ ಸೀರೆ ಎತ್ತಿಕಟ್ಟಿ ನೀರಿಗಿಳಿದೆ. ಬಾಜಾರದ ಧೂಳೆಲ್ಲ ಕೆಸರಾಗಿ ಹರಿದುಹೋಯಿತು. ಒಣಗಲೆಂದು ಗುಡ್ಡದ ಇಳಿಜಾರಿನಲ್ಲಿ ಹರವಿದಾಗ, ಅಯ್ಯೋ, ಅದನ್ನು ಹೇಗೆ ಬರೆಯಲಿ! ಮಗ್ಗದಿಂದ ಇಳಿಸಿದ ದಿನ ನೋಡಿದ್ದು ಇದೇ ಗಾಲೀಚೆಯೇ ಎನಿಸಿತು. ಕೆಂಪು ಒಳಗಿನಿಂದ ಉರಿಯುತ್ತಿತ್ತು. ಕೈಯಾಡಿಸಿದರೆ ಎಳೆಗರುವಿನ ಮೈ. ನಾನು ಆ ಇಳಿಜಾರಿನಲ್ಲಿ ಕುಣಿದೆ ಎಂದು ನಮ್ಮವರು ಎಲ್ಲರಿಗೂ ಹೇಳುತ್ತಾರೆ. ಸುಳ್ಳಲ್ಲ.

ಆದರೆ ಹಡಗಿನ ದಾರಿಯುದ್ದಕ್ಕೂ ಒಂದೇ ಚಿಂತೆ. "ಹೊಸಾದ ಅಂತ ಹೇಳು. ಹೊಸಾದ ಐತೆಲ್ಲಾ?" ಎಂದು ಇವರು ಹೇಳಿಕೊಟ್ಟರು.

"ಹೊಸಾದ ಖರೆ. ತುಳಿದಿಲ್ಲ ಅನ್ನಾಕ ಆಗೂದಿಲ್ರಿ. ಅಜ್ಜಾರು ಕುಂದ್ರೂ ಗದ್ದಿಗಿ" ಎಂದೆ.

ಮತ್ತೆ ಗೋಕಾಕ

ಹೊಸ್ತಿಲಲ್ಲೇ ಎಲ್ಲ ಹೇಳಿಬಿಟ್ಟೆ. ಕತ್ತೆ, ಹಮಾಲರು, ಚಹಾ, ಜೊಹ್ರಾ ಅಂದದ್ದು, ಒಂದನ್ನೂ ಬಿಡಲಿಲ್ಲ. ಆಮೇಲೆ ಗಾಲೀಚೆ ಬಿಚ್ಚಿದೆ. ಅತ್ತೆಯವರು ಅದರ ಮೇಲೆ ಕೈಯಾಡಿಸಿದರು.

"ನಾಯಿ ಯಾಕ ತಗಸೀದಿ?"

"ಅದು ಕುರೀರಿ."

"ಹುಂ. ಬಾಳ ಛಲೋ ಐತಿ, ನೀಲವ್ವಾ. ಪಡಸಾಲ್ಯಾಗ ಹಾಸು, ಮಂದಿ ನೋಡ್ಲಿ. ಅಜ್ಜಾರಿಗೆ ಮಾತ್ರ ನನ್ನ ಕಂಬಳಿ."

ಮಾತು ಮಾತೇ. ನನಗೆ ಬೇಜಾರಾಯಿತು, ಆದರೂ ಗಾಲೀಚೆಯನ್ನು ಸುತ್ತಿಟ್ಟೆ.

ಮನೆ ಹೊಗುವ ದಿನ ಮೂಡಲಗಿಯಿಂದ, ಹುಕ್ಕೇರಿಯಿಂದ ನೆಂಟರೆಲ್ಲ ಬಂದರು. ಪಡಸಾಲೆಯಲ್ಲಿ ಗಾಲೀಚೆ, ಒಳಗೆ ದೇವರ ಕೋಣೆಯ ಮುಂದೆ ಕರೀ ಕಂಬಳಿ. ಬಂದವರೆಲ್ಲ ಗಾಲೀಚೆ ನೋಡಿ ಬಾಯಿ ಬಿಟ್ಟರು. ಆದರೆ ಒಬ್ಬರೂ ಅದರ ಮೇಲೆ ಕಾಲಿಡಲೊಲ್ಲರು. ಗೋಡೆ ಹಿಡಿದುಕೊಂಡು, ಹೊಟ್ಟೆ ಒಳಗೆಳೆದುಕೊಂಡು, ಅಡ್ಡಡ್ಡವಾಗಿ ಸರಿದು ಒಳಗೆ ಹೋಗುತ್ತಿದ್ದರು. ಹೊಸ ಸುಣ್ಣವೆಲ್ಲ ಅವರ ಬೆನ್ನಿಗೆ ಹತ್ತಿತು.

ಆಮೇಲೆ ಆಕಳನ್ನು ತಂದರು. ಹೊಸ ಮನೆಯಲ್ಲಿ ಪೂಜೆಗಿಂತ ಮೊದಲು ಆಕಳು ಒಳಗೆಲ್ಲ ಓಡಾಡಬೇಕು, ಅದು ತುಳಿದ ಮೇಲೆಯೇ ನೆಲ ಬಾಳುವೆಗೆ ಬರುತ್ತದೆ. ಅದಕ್ಕೆ ಗೋಡೆ ಹಿಡಿದು ನಡೆಯುವುದು ಗೊತ್ತಿಲ್ಲ. ನೇರವಾಗಿ ಗಾಲೀಚೆಯ ನಡುವೆ ಬಂದು ನಿಂತಿತು. ಕಾಲಿಗೆ ಮೆತ್ತಗೆನಿಸಿರಬೇಕು. ಎಳೆದರೂ ಕದಲಲಿಲ್ಲ, ಶಿರಾಜಿನಲ್ಲಿ ನಾನು ಕುಳಿತಂತೆಯೇ. ಅತ್ತೆಯವರು ತಂಬಿಗೆ ತಂದು, ಅಲ್ಲೇ ಅದರ ಕಾಲಿಗೆ ನೀರು ಹಾಕಲು ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ಆಕಳ ಗೊರಸು ನೋಡಿದರು. ಅದರ ಕೆಳಗಿನ ಕೆಂಪನ್ನು ನೋಡಿದರು.

"ನೀಲವ್ವಾ, ಅಲ್ಲಿ ಇದನ್ನ ತುಳಿದದ್ದು ಏನಂದಿ?"

"ಕತ್ತೀರಿ, ಅತ್ತಿ."

"ಮನಿ ತುಳಸಾಕ ನಾವು ಆಕಳಾ ತಂದೇವಿ. ಗಾಲೀಚಾ ತುಳಸಾಕ ಅವರು ಕತ್ತಿ ತಂದಾರ" ಎಂದರು. "ಅಷ್ಟ ಅಲ್ಲೇನ?"

ಆಕಳ ಕಾಲಿಗೆ ನೀರು ಹಾಕಿ ಕೈಮುಗಿದು, ಅದನ್ನು ಮುಂದಕ್ಕೆ ನಡೆಸಿದರು. ತಂಬಿಗೆ ನನ್ನ ಕೈಗೆ ಕೊಟ್ಟು ಒಳಗೆ ಹೋಗಿ, ತಮ್ಮ ಕರೀ ಕಂಬಳಿಯನ್ನು ತಾವೇ ಮಡಚಿ ಪೆಟ್ಟಿಗೆಗೆ ಇಟ್ಟು ಬಂದರು. ಅಷ್ಟರಲ್ಲಿ ಅಜ್ಜಾರು ಬಾಗಿಲಿಗೆ ಬಂದಿದ್ದರು. ಅವರೂ ಗಾಲೀಚೆ ನೋಡಿ, ಗೋಡೆಯ ಕಡೆಗೆ ಒಂದು ಹೆಜ್ಜೆ ಸರಿದರು.

"ಹಂಗ್ಯಾಕ ಹೊಂಟ್ರೀ?" ಎಂದರು ಅತ್ತೆಯವರು. "ಇದರ ಮ್ಯಾಲ ಬರ್ರಿ ಅಜ್ಜಾರ. ತುಳೀರಿ. ತುಳಿದಷ್ಟ ಬಣ್ಣ ಏಳತಾವ."